ಮಿಲಾನಿನಿಂದ ಗೆಬ್ಜೆಯವರೆಗೆ: ಪಿಪ್ಪಾ ಬಾಕ್ಕಾ ಪ್ರಕರಣದ ಅಧ್ಯಯನ

2008ರ ಮಾರ್ಚ್ 8ರಂದು, ಅಂತರರಾಷ್ಟ್ರೀಯ ಮಹಿಳಾ ದಿನದಂದು, ಇಟಲಿಯ ಮಿಲಾನ್ ನಗರದಿಂದ ಇಬ್ಬರು ಕಲಾವಿದೆಯರು ಮದುವಣಗಿತ್ತಿಯರ ಬಿಳಿಯ ಉಡುಪು ತೊಟ್ಟು ಹೊರಟರು. ದಾರಿಯಲ್ಲಿ ಸಿಕ್ಕ ವಾಹನಗಳಲ್ಲಿ ಲಿಫ್ಟ್ ಕೇಳುತ್ತ, ಯುದ್ಧದಿಂದ ನಲುಗಿದ ಬಾಲ್ಕನ್ ದೇಶಗಳನ್ನೂ ಟರ್ಕಿಯನ್ನೂ ದಾಟಿ, ಸಿರಿಯಾ, ಲೆಬನಾನ್, ಜೋರ್ಡಾನ್‌ಗಳ ಮೂಲಕ ಜೆರುಸಲೇಮ್ ತಲುಪುವುದು ಅವರ ಯೋಜನೆಯಾಗಿತ್ತು. ಮೂರು ವಾರಗಳ ನಂತರ, ಮಾರ್ಚ್ 31ರಂದು, ಅವರಲ್ಲಿ ಒಬ್ಬರಾದ ಪಿಪ್ಪಾ ಬಾಕ್ಕಾ ಟರ್ಕಿಯ ಗೆಬ್ಜೆ ಎಂಬ ಕೈಗಾರಿಕಾ ಪಟ್ಟಣದ ಹತ್ತಿರ ತಮಗೆ ಲಿಫ್ಟ್ ಕೊಟ್ಟ ವ್ಯಕ್ತಿಯಿಂದಲೇ ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ಆಗ ಅವರಿಗೆ 33 ವರ್ಷ.

ಸಂಘರ್ಷದ ನಾಡುಗಳಲ್ಲಿ ವಿದೇಶಿ ಪ್ರವಾಸಿಯೊಬ್ಬರು ಲಿಫ್ಟ್ ಕೇಳಿಕೊಂಡು ಹೋಗುವುದು ಎಷ್ಟು ಅಪಾಯಕರ ಎಂಬ ಚರ್ಚೆ ಬಂದಾಗಲೆಲ್ಲ ಈ ಪ್ರಕರಣವನ್ನು ಉದಾಹರಿಸುತ್ತಾರೆ. ಹಾಗೆ ಉದಾಹರಿಸುವವರಲ್ಲಿ ಬಹಳಷ್ಟು ಮಂದಿ ಇದನ್ನು ಓದಿಕೊಂಡ ರೀತಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಿಪ್ಪಾ ಸತ್ತದ್ದು ಯುದ್ಧಭೂಮಿಯಲ್ಲಲ್ಲ. ಅವರನ್ನು ಕೊಂದದ್ದು ಯಾವ ಸಶಸ್ತ್ರ ಗುಂಪೂ ಅಲ್ಲ. ಇತ್ತ, ಅವರು ಅತಿಯಾಗಿ ನಂಬಿ ಕೆಟ್ಟರು ಎಂಬ ಮಾತು ಕೂಡ ಅರ್ಧ ಸತ್ಯ. ಯೋಜನೆಯ ಒಳಗೆ ನೋಡಬೇಕಾದ ಒಂದು ನಿರ್ದಿಷ್ಟ ಅಂಶವಿದೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಹಿನ್ನೆಲೆ

ಪಿಪ್ಪಾ ಅವರ ನಿಜ ಹೆಸರು ಜೂಸೆಪ್ಪಿನಾ ಪಾಸ್ಕ್ವಾಲೀನೊ ದಿ ಮರಿನೆಯೊ. 1974ರ ಡಿಸೆಂಬರ್ 9ರಂದು ಮಿಲಾನಿನಲ್ಲಿ ಹುಟ್ಟಿದವರು. ಇಟಲಿಯ ಪ್ರಯೋಗಶೀಲ ಕಲೆಯಲ್ಲಿ ದೊಡ್ಡ ಹೆಸರಾದ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಪಿಯೆರೊ ಮಾಂಝೋನಿ ಇವರ ತಾಯಿಯ ಅಣ್ಣ. ಪಿಪ್ಪಾ ಅವರದ್ದು ಹೆಚ್ಚಾಗಿ ಕತ್ತರಿ ಹಿಡಿದು ಮಾಡುವ ಸೂಕ್ಷ್ಮ ಕೆಲಸ. ಒಂದು ಮರದ ಎಲೆಯನ್ನು ತೆಗೆದುಕೊಂಡು ಅದನ್ನು ಇನ್ನೊಂದು ಮರದ ಎಲೆಯ ಆಕಾರಕ್ಕೆ ಕತ್ತರಿಸಿ ಇಡುವ ಅವರ ಕೃತಿಗಳು ಮಿಲಾನಿನ ಕಲಾವಲಯದಲ್ಲಿ ಪರಿಚಿತವಾಗಿದ್ದವು. ರಸ್ತೆಬದಿಯಲ್ಲಿ ನಿಂತು ಲಿಫ್ಟ್ ಕೇಳುವುದು ಅವರಿಗೆ ಹೊಸದಾಗಿರಲಿಲ್ಲ. ಅದಕ್ಕೆ ಮೊದಲೂ ಹಲವು ಪ್ರಯಾಣಗಳನ್ನು ಅವರು ಹಾಗೆಯೇ ಮಾಡಿದ್ದರು. ಏನೂ ತಿಳಿಯದ ಹುಡುಗಿಯೊಬ್ಬಳು ಹುಚ್ಚು ಸಾಹಸಕ್ಕಿಳಿದಳು ಎಂದು ಆಗ ಕೆಲವರು ಚಿತ್ರಿಸಿದ್ದು ಹೀಗಾಗಿ ವಾಸ್ತವಕ್ಕೆ ದೂರವಾದದ್ದು.

ಜೊತೆಗಿದ್ದವರು ಸಿಲ್ವಿಯಾ ಮೋರೊ ಎಂಬ ಇನ್ನೊಬ್ಬ ಕಲಾವಿದೆ. ‘ಪ್ರಯಾಣದಲ್ಲಿರುವ ವಧುಗಳು’ ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದ ಈ ಯೋಜನೆಯ ಕಲ್ಪನೆ ಸರಳವಾಗಿತ್ತು. ವಧುವಿನ ಉಡುಪು ಎಂದರೆ ಎರಡು ಮನೆಗಳ ನಡುವಿನ ಹೊಸ ಸಂಬಂಧದ ಗುರುತು. ಪರಸ್ಪರ ಹೊಡೆದಾಡಿಕೊಂಡ ನಾಡುಗಳ ನಡುವೆ ಅದನ್ನು ತೊಟ್ಟು ನಡೆದರೆ ಅದು ಶಾಂತಿಯ ಮಾತಾಗುತ್ತದೆ. ಪ್ರಯಾಣದುದ್ದಕ್ಕೂ ಒಂದೇ ಉಡುಪು. ಅದಕ್ಕೆ ಹತ್ತುವ ಧೂಳು, ಕೆಸರು, ಕಲೆಗಳೆಲ್ಲ ಹಾಗೆಯೇ ಉಳಿದು, ಕೊನೆಯಲ್ಲಿ ಆ ಉಡುಪೇ ಪ್ರದರ್ಶನದ ವಸ್ತುವಾಗಬೇಕು. ದಾರಿಯಲ್ಲಿ ಸಿಗುವ ಸೂಲಗಿತ್ತಿಯರನ್ನು ಭೇಟಿಯಾಗಿ ಅವರ ಪಾದ ತೊಳೆಯುವುದು ಪಿಪ್ಪಾ ಅವರು ತಮಗಾಗಿ ಆರಿಸಿಕೊಂಡಿದ್ದ ಕೆಲಸ. ಸಾವಿನ ನೆನಪು ಇನ್ನೂ ಆರದ ಊರುಗಳಲ್ಲಿ ಜನ್ಮ ಕೊಡಿಸುವ ಕೈಗಳಿಗೆ ಸಲ್ಲಿಸುವ ಗೌರವ ಅದು. ಈ ಕಲ್ಪನೆಯಲ್ಲಿ ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಈ ಭಾಗವೇ.

ಲಿಫ್ಟ್ ಕೇಳುವುದನ್ನು ಅವರು ಕೇವಲ ಅಗ್ಗದ ಸಾರಿಗೆಯೆಂದು ಆರಿಸಿಕೊಂಡದ್ದಲ್ಲ. ಅಪರಿಚಿತರನ್ನು ನಂಬುವುದು, ನಂಬಿದವರಿಗೆ ಮನುಷ್ಯ ಒಳ್ಳೆಯದನ್ನೇ ಮರಳಿಸುತ್ತಾನೆ ಎಂದು ತೋರಿಸುವುದು, ಇದೇ ಆ ಕಲಾಕೃತಿಯ ತಿರುಳು ಎಂದು ಅವರು ಮೊದಲೇ ಬರೆದು ಪ್ರಕಟಿಸಿದ್ದರು. ಇದರ ಮುಂದುವರಿಕೆಯಾಗಿ ಬಂದ ನಿಯಮವೆಂದರೆ, ನಿಂತ ಯಾವ ವಾಹನವನ್ನೂ ಬೇಡ ಎನ್ನಬಾರದು ಎಂಬುದು.

ಹಾದಿಯ ಲೆಕ್ಕಾಚಾರ

ಅವರು ಹೊರಟ ಕಾಲವನ್ನು ಗಮನಿಸಬೇಕು. 2008ರ ಫೆಬ್ರವರಿ 17ರಂದು ಕೊಸೊವೊ ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿತ್ತು. ನಾಲ್ಕು ದಿನಗಳ ನಂತರ ಇಟಲಿ ಅದಕ್ಕೆ ಮನ್ನಣೆ ಕೊಟ್ಟಿತು. ಅದೇ ದಿನ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಉದ್ರಿಕ್ತ ಗುಂಪು ಅಮೆರಿಕದ ರಾಯಭಾರ ಕಚೇರಿಗೆ ಬೆಂಕಿ ಹಚ್ಚಿತು. ಟರ್ಕಿಯ ಸೇನೆ ಕುರ್ದಿ ಬಂಡುಕೋರರನ್ನು ಬೆನ್ನಟ್ಟಿ ಇರಾಕಿನ ಉತ್ತರ ಭಾಗಕ್ಕೆ ನುಗ್ಗಿ ಫೆಬ್ರವರಿ ಕೊನೆಯಲ್ಲಷ್ಟೇ ಹಿಂದಿರುಗಿತ್ತು. ಲೆಬನಾನಿನಲ್ಲಿ 2007ರ ನವೆಂಬರಿನಿಂದ ಅಧ್ಯಕ್ಷರೇ ಇರಲಿಲ್ಲ. 2008ರ ಮೇ 7ರಂದು ಬೈರೂತಿನ ಬೀದಿಗಳಲ್ಲಿ ಗುಂಡಿನ ಕಾಳಗವೇ ನಡೆಯಿತು. ಗುರಿಯೂರಾದ ಜೆರುಸಲೇಮಿನಲ್ಲಿ, ಇವರು ಹೊರಡುವ ಎರಡು ದಿನ ಮೊದಲು, ಧಾರ್ಮಿಕ ವಿದ್ಯಾಲಯವೊಂದಕ್ಕೆ ನುಗ್ಗಿದ ಬಂದೂಕುಧಾರಿ ಎಂಟು ವಿದ್ಯಾರ್ಥಿಗಳನ್ನು ಕೊಂದಿದ್ದ.

ದೇಶಗಳ ಅನುಕ್ರಮದಲ್ಲಿಯೂ ಒಂದು ಲೆಕ್ಕವಿತ್ತು. ಪಾಸ್‌ಪೋರ್ಟಿನಲ್ಲಿ ಇಸ್ರೇಲಿನ ಮುದ್ರೆಯಿದ್ದವರನ್ನು ಸಿರಿಯಾ ಮತ್ತು ಲೆಬನಾನ್ ಒಳಗೆ ಬಿಡುತ್ತಿರಲಿಲ್ಲ. ಆದ್ದರಿಂದ ಉತ್ತರದಿಂದ ದಕ್ಷಿಣಕ್ಕೆ, ಇಸ್ರೇಲ್ ಕೊನೆಗೆ ಎಂಬ ಕ್ರಮವನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಅಂದರೆ ಯೋಜನೆ ಕುರುಡಾಗಿ ಹಾಕಿದ್ದಲ್ಲ. ಗಡಿ, ಸೇನೆ, ರಾಜಕೀಯ ಇವುಗಳ ಬಗ್ಗೆ ಅವರಿಗೆ ಅರಿವಿತ್ತು.

ಆದರೆ ಹೀಗೆ ಯುದ್ಧದ ನಕ್ಷೆಯನ್ನು ಮುಂದಿಟ್ಟುಕೊಂಡು ಅಪಾಯವನ್ನು ಅಳೆಯುವಾಗ ಒಂದು ವಿಷಯ ಕಣ್ತಪ್ಪುತ್ತದೆ. ಸಂಘರ್ಷದ ಪ್ರದೇಶದಲ್ಲಿ ವಿದೇಶಿಯರಿಗೆ ಎದುರಾಗುವ ವಿಶಿಷ್ಟ ಅಪಾಯವೆಂದರೆ, ಅವರ ಪಾಸ್‌ಪೋರ್ಟಿಗೇ ಬೆಲೆ ಬರುವುದು. 1995ರ ಜುಲೈನಲ್ಲಿ ಕಾಶ್ಮೀರದ ಪಹಲ್ಗಾಮ್ ಸುತ್ತಮುತ್ತ ಚಾರಣ ಮಾಡುತ್ತಿದ್ದ ಆರು ಮಂದಿ ವಿದೇಶಿಯರನ್ನು ಅಲ್ ಫರಾನ್ ಎಂಬ ಗುಂಪು ಅಪಹರಿಸಿತು. ಭಾರತದ ಜೈಲಿನಲ್ಲಿದ್ದ ಉಗ್ರರನ್ನು ಬಿಡಿಸಿಕೊಳ್ಳಲು ಅವರು ಬೇಕಾಗಿದ್ದರು. ಒಬ್ಬ ತಪ್ಪಿಸಿಕೊಂಡ, ನಾರ್ವೆಯ ಯುವಕನೊಬ್ಬನ ತಲೆ ಕಡಿಯಲಾಯಿತು, ಉಳಿದ ನಾಲ್ವರು ಮರಳಿ ಬರಲೇ ಇಲ್ಲ. 2004ರ ಅಕ್ಟೋಬರಿನಲ್ಲಿ ಅಮ್ಮಾನಿನಿಂದ ಬಸ್ಸು ಹತ್ತಿ ಬಾಗ್ದಾದಿಗೆ ಹೋದ 24 ವರ್ಷದ ಜಪಾನಿ ಯುವಕನನ್ನು ಹಿಡಿದವರು, 48 ಗಂಟೆಗಳಲ್ಲಿ ಜಪಾನ್ ತನ್ನ ಪಡೆಗಳನ್ನು ಇರಾಕಿನಿಂದ ಹಿಂತೆಗೆಯಬೇಕೆಂದು ಕೇಳಿದರು. ಸರ್ಕಾರ ಒಪ್ಪಲಿಲ್ಲ, ಯುವಕನನ್ನು ಕೊಂದರು. ಈ ಎರಡೂ ಕಡೆ ಬಲಿಯಾದವರು ಯಾವ ದೇಶದವರು ಎಂಬುದೇ ನಿರ್ಣಾಯಕವಾಗಿತ್ತು. ಗೆಬ್ಜೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿ ಲೆಕ್ಕಕ್ಕೆ ಬಂದದ್ದು ಒಬ್ಬ ಹೆಣ್ಣು ಒಂಟಿಯಾಗಿ ಮುಚ್ಚಿದ ವಾಹನದೊಳಗೆ ಇದ್ದಾಳೆ ಎಂಬುದಷ್ಟೇ. ಇಂಥ ಅಪರಾಧ ನಡೆಯಲು ಯುದ್ಧ ಬೇಕಿಲ್ಲ, ಗಡಿ ಬೇಕಿಲ್ಲ.

ಸಂಘರ್ಷದ ನಾಡಿನಲ್ಲಿ ಲಿಫ್ಟ್ ಕೇಳುವುದಕ್ಕೆ ಇನ್ನೊಂದು ಮುಖವೂ ಇದೆ. ಪ್ರವಾಸಿಗಳು ಇದನ್ನು ಅಪರೂಪಕ್ಕೆ ಯೋಚಿಸುತ್ತಾರೆ. ತಪಾಸಣಾ ಠಾಣೆಯಲ್ಲಿ ವಿದೇಶಿಯನ್ನು ಕೂರಿಸಿಕೊಂಡ ಚಾಲಕನೇ ಮೊದಲು ಉತ್ತರ ಕೊಡಬೇಕಾಗುತ್ತದೆ. ಇವರು ಯಾರು, ಎಲ್ಲಿಂದ ಹತ್ತಿಸಿಕೊಂಡೆ, ಹಣ ಪಡೆದೆಯಾ ಎಂಬ ಪ್ರಶ್ನೆಗಳು ಆತನಿಗೆ. ಪ್ರವಾಸಿ ಮರುದಿನ ಮುಂದಿನ ಊರಿಗೆ ಹೊರಟುಹೋಗುತ್ತಾನೆ. ಚಾಲಕ ಅದೇ ಠಾಣೆಯ ಮುಂದೆ ದಿನವೂ ಹಾದುಹೋಗಬೇಕು. ಇಬ್ಬರು ವಧುಗಳ ಉಡುಪು ಈ ವಿಷಯದಲ್ಲಿ ನಿಜವಾಗಿ ನೆರವಾಗುವಂಥದ್ದಾಗಿತ್ತು. ಬಿಳಿ ಗೌನು ತೊಟ್ಟು, ತಲೆಗೆ ಮುಸುಕು ಹಾಕಿಕೊಂಡು ರಸ್ತೆಯಲ್ಲಿ ನಿಂತವರನ್ನು ಯಾರೂ ಗೂಢಚಾರರೆಂದು ಶಂಕಿಸಲಾರರು. ನೋಡಿದವರು ಮರೆಯುವುದಿಲ್ಲ, ಮಾತಿಗೆ ನಿಲ್ಲುತ್ತಾರೆ, ಊರಿಗೆಲ್ಲ ಹೇಳುತ್ತಾರೆ. ಎಷ್ಟು ಜನ ನೋಡುತ್ತಾರೋ ಅಷ್ಟು ರಕ್ಷಣೆ. ಆದರೆ ಈ ರಕ್ಷಣೆ ವಾಹನದ ಬಾಗಿಲು ಮುಚ್ಚುವವರೆಗೆ ಮಾತ್ರ. ಒಳಗೆ ಕುಳಿತ ಮೇಲೆ ನೋಡುವವನು ಚಾಲಕನೊಬ್ಬನೇ.

ಇಸ್ತಾಂಬುಲಿನಲ್ಲಿ ದಾರಿ ಬೇರೆಯಾದದ್ದು

ಬಾಲ್ಕನ್ ದೇಶಗಳನ್ನು ದಾಟಿ ಬಲ್ಗೇರಿಯಾದ ಮೂಲಕ ಇಬ್ಬರೂ ಇಸ್ತಾಂಬುಲ್ ತಲುಪಿದರು. 1990ರ ದಶಕದಲ್ಲಿ ಯುರೋಪಿನ ಅತ್ಯಂತ ಭೀಕರ ಯುದ್ಧ ನಡೆದಿದ್ದ ಬೋಸ್ನಿಯಾದಂಥ ನೆಲವನ್ನು ದಾಟಿ ಬಂದಿದ್ದ ಅವರಿಗೆ, ಅಪರಿಚಿತರ ಬಗೆಗಿನ ತಮ್ಮ ನಂಬಿಕೆ ಸರಿ ಎಂದು ದಿನದಿನವೂ ದೃಢಪಟ್ಟಿರಲೇಬೇಕು. ಹೆಚ್ಚಿನ ಅಪಾಯವೆಂದುಕೊಂಡ ಭಾಗ ಸುಗಮವಾಗಿ ಕಳೆದಾಗ ಮುಂದಿನದು ಇನ್ನೂ ಸುಲಭ ಎನ್ನಿಸುವುದು ಮನುಷ್ಯ ಸಹಜ.

ಇಸ್ತಾಂಬುಲಿನಲ್ಲಿ ಇಬ್ಬರೂ ಕೆಲವು ದಿನಗಳ ಮಟ್ಟಿಗೆ ಬೇರೆಯಾಗಿ ಪ್ರಯಾಣಿಸಿ ಬೈರೂತಿನಲ್ಲಿ ಮತ್ತೆ ಸೇರುವುದೆಂದು ನಿರ್ಧರಿಸಿದರು. ಅಪಾಯದ ದೃಷ್ಟಿಯಿಂದ ಈ ಪ್ರಯಾಣದ ಸ್ವರೂಪ ಬದಲಾದದ್ದು ಈ ಘಳಿಗೆಯಲ್ಲಿ. ಇಬ್ಬರಿದ್ದಾಗ ಒಬ್ಬರು ಚಾಲಕನೊಂದಿಗೆ ಮಾತನಾಡಬಹುದು, ಇನ್ನೊಬ್ಬರು ರಸ್ತೆಯನ್ನು ಗಮನಿಸಬಹುದು. ಒಬ್ಬರಿಗೆ ಸರಿಕಾಣದ್ದನ್ನು ಇನ್ನೊಬ್ಬರ ಮುಖ ನೋಡಿಯೇ ತಿಳಿಯಬಹುದು. ದುರುದ್ದೇಶದ ಚಾಲಕನಿಗೂ ಇಬ್ಬರನ್ನು ಎದುರಿಸುವುದು ಕಷ್ಟ. ಒಬ್ಬರೇ ಆದಾಗ ಅಪಾಯ ಎರಡು ಪಟ್ಟಾಗುತ್ತದೆ ಎಂದರೆ ಸಾಲದು, ಅದರ ಬಗೆಯೇ ಬದಲಾಗುತ್ತದೆ. ಇಬ್ಬರಿಗಾಗಿ ಮಾಡಿಕೊಂಡ ನಿಯಮಗಳು ಒಬ್ಬರ ಪ್ರಯಾಣಕ್ಕೂ ಹಾಗೆಯೇ ಮುಂದುವರಿದವು ಎಂಬುದನ್ನು ಈ ಪ್ರಕರಣದ ಒಂದು ಮುಖ್ಯ ಲೋಪವೆಂದು ನಾನು ಗುರುತಿಸುತ್ತೇನೆ.

ಸ್ಥಳದ ಪ್ರಶ್ನೆಯನ್ನೂ ಇಲ್ಲಿಯೇ ನೋಡಬೇಕು. ಗೆಬ್ಜೆ ಇರುವುದು ಇಸ್ತಾಂಬುಲಿನ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕೊಜಾಯೆಲಿ ಪ್ರಾಂತದಲ್ಲಿ. ಅಂಕಾರಾ ಕಡೆಗೆ ಹೋಗುವ ಹೆದ್ದಾರಿಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಕಾರ್ಖಾನೆಗಳು, ಗೋದಾಮುಗಳು, ನಡುನಡುವೆ ಪೊದೆ ಬೆಳೆದ ಖಾಲಿ ಜಾಗ, ಒಳಗೆ ಹಳ್ಳಿಗಳಿಗೆ ಹೋಗುವ ಕವಲುದಾರಿಗಳು. ಲಿಫ್ಟ್ ಕೇಳಿ ಪ್ರಯಾಣಿಸುವ ಅನುಭವಿಗಳು ಮಹಾನಗರಗಳ ಇಂಥ ಹೊರವಲಯವನ್ನು ಬಸ್ಸಿನಲ್ಲೋ ರೈಲಿನಲ್ಲೋ ದಾಟಿ, ಆಮೇಲೆ ದೂರ ಹೋಗುವ ಲಾರಿಗಳು ನಿಲ್ಲುವ ತಾಣದಲ್ಲಿ ನಿಲ್ಲುತ್ತಾರೆ. ಅದಕ್ಕೆ ಕಾರಣವಿದೆ. ಅಂಕಾರಾಕ್ಕೋ ಅದಾನಾಕ್ಕೋ ಸರಕು ಸಾಗಿಸುವ ಲಾರಿಯ ಚಾಲಕನಿಗೆ ತಲುಪಬೇಕಾದ ಊರಿದೆ, ಗಡುವಿದೆ, ಮಾಲೀಕನಿದ್ದಾನೆ, ರಸೀದಿ ಪುಸ್ತಕವಿದೆ. ನಗರದ ಅಂಚಿನಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಒಳಗೇ ಓಡಾಡುವ ಸ್ಥಳೀಯ ವಾಹನಕ್ಕೆ ಇದಾವುದೂ ಇಲ್ಲ. ಯಾವ ಕವಲಿನಲ್ಲಾದರೂ ಅದು ಒಳಕ್ಕೆ ತಿರುಗಬಹುದು, ತಡವಾಯಿತೆಂದು ಕೇಳುವವರಿಲ್ಲ. ಇಸ್ತಾಂಬುಲಿನಿಂದ ಸಿರಿಯಾ ಗಡಿಯವರೆಗಿನ ಸಾವಿರಕ್ಕೂ ಹೆಚ್ಚು ಕಿಲೋಮೀಟರುಗಳಲ್ಲಿ, ಸೈನಿಕರು ಓಡಾಡುವ ಆಗ್ನೇಯದ ಜಿಲ್ಲೆಗಳಿಗಿಂತ ಈ ಮೊದಲ ಐವತ್ತು ಕಿಲೋಮೀಟರುಗಳ ಬಗ್ಗೆಯೇ ಹೆಚ್ಚು ಎಚ್ಚರ ಬೇಕಿತ್ತು. ಯುದ್ಧದ ನಕ್ಷೆಯಲ್ಲಿ ಗೆಬ್ಜೆಯ ಮೇಲೆ ಯಾವ ಗುರುತೂ ಇರಲಿಲ್ಲ.

ಕಣ್ಮರೆ ಮತ್ತು ತನಿಖೆ

ಮಾರ್ಚ್ 31ರ ನಂತರ ಪಿಪ್ಪಾ ಅವರಿಂದ ಕುಟುಂಬಕ್ಕೆ ಸುದ್ದಿ ಬರಲಿಲ್ಲ. ಇಟಲಿಯಲ್ಲಿ ಗಾಬರಿ ಹುಟ್ಟಿತು, ಟರ್ಕಿಯಲ್ಲಿ ಹುಡುಕಾಟ ಶುರುವಾಯಿತು. ಸುಳಿವು ಸಿಕ್ಕಿದ್ದು ಅವರ ಮೊಬೈಲ್ ಫೋನಿನಿಂದ. ಕೊಲೆಗಾರ ಆ ಫೋನನ್ನು ಇಟ್ಟುಕೊಂಡು ಅದಕ್ಕೆ ಬೇರೆ ಸಿಮ್ ಹಾಕಿದ್ದ. ಸಿಮ್ ಬದಲಾದರೂ ಪ್ರತಿಯೊಂದು ಫೋನಿಗೂ ತನ್ನದೇ ಆದ ಗುರುತಿನ ಸಂಖ್ಯೆಯಿರುತ್ತದೆ. ಫೋನು ಜಾಲಕ್ಕೆ ಸೇರಿದೊಡನೆ ಆ ಸಂಖ್ಯೆ ಕಂಪನಿಯ ದಾಖಲೆಗೆ ಬರುತ್ತದೆ. ಪೊಲೀಸರು ಅದರ ಜಾಡು ಹಿಡಿದು ಆತನನ್ನು ತಲುಪಿದರು. ಏಪ್ರಿಲ್ 11ರಂದು ಆತ ತೋರಿಸಿದ ಜಾಗದಲ್ಲಿ, ಗೆಬ್ಜೆಯ ತವ್‌ಶಾನ್ಲಿ ಎಂಬ ಹಳ್ಳಿಯ ಬಳಿ, ಪೊದೆಗಳ ನಡುವೆ ಶವ ಸಿಕ್ಕಿತು. ಕತ್ತು ಹಿಸುಕಿ ಕೊಲ್ಲಲಾಗಿತ್ತು.

ಅವರ ವಿಡಿಯೊ ಕ್ಯಾಮೆರಾವನ್ನೂ ಆತ ಎತ್ತಿಕೊಂಡು ಹೋಗಿದ್ದ. ಆ ಕ್ಯಾಮೆರಾದಲ್ಲಿ ಪಿಪ್ಪಾ ತಮ್ಮ ಪ್ರಯಾಣವನ್ನು ಚಿತ್ರಿಸಿಕೊಳ್ಳುತ್ತ ಬಂದಿದ್ದರು. ಕೊಲೆಯ ಕೆಲವೇ ದಿನಗಳಲ್ಲಿ ಅದೇ ಕ್ಯಾಮೆರಾದಿಂದ ಆತ ತನ್ನ ಮನೆತನದ ಮದುವೆಯೊಂದನ್ನು ಚಿತ್ರಿಸಿದ್ದ ಎಂಬುದು ಆಮೇಲೆ ಬೆಳಕಿಗೆ ಬಂತು. ಈ ಸಂಗತಿಯನ್ನು ನಾನು ಹಲವು ಸಲ ಓದಿದ್ದೇನೆ. ಪ್ರತಿ ಸಲವೂ ಮನಸ್ಸು ಅಲ್ಲಿಯೇ ನಿಂತುಬಿಡುತ್ತದೆ. ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ತನಿಖೆಯ ಬಗ್ಗೆ ಒಂದು ಮಾತು. ಅಪರಾಧಿ ಸಿಕ್ಕಿದ್ದು ಆತನ ಲೋಭದಿಂದ. ಫೋನನ್ನು ಎಸೆದಿದ್ದರೆ ಆತನನ್ನು ಹುಡುಕುವುದು ಬಹಳ ಕಷ್ಟವಾಗುತ್ತಿತ್ತು. ಏಕೆಂದರೆ ಯಾವ ವಾಹನ, ಯಾವ ಬಣ್ಣ, ಯಾವ ನಂಬರು ಎಂಬ ಮಾಹಿತಿ ಹೊರಗಿನ ಯಾರ ಬಳಿಯೂ ಇರಲಿಲ್ಲ. ವಾಹನ ಹತ್ತುವ ಮೊದಲು ಅದರ ನಂಬರನ್ನು ಚಾಲಕನಿಗೆ ಕಾಣುವಂತೆಯೇ ಸ್ನೇಹಿತರಿಗೆ ಎಸ್‌ಎಂಎಸ್ ಕಳಿಸುವ ರೂಢಿ ಆಗಲೂ ಲಿಫ್ಟ್ ಕೇಳುವವರಲ್ಲಿತ್ತು. ಅದರಿಂದ ಆಗುವ ದೊಡ್ಡ ಪ್ರಯೋಜನ ಆಮೇಲಿನ ತನಿಖೆಗಿಂತ ಆ ಕ್ಷಣಕ್ಕೆ ಸಂಬಂಧಿಸಿದ್ದು. ತನ್ನ ನಂಬರು ಬೇರೆಯವರ ಕೈ ಸೇರಿದೆ ಎಂದು ಗೊತ್ತಾದ ಚಾಲಕನ ಮನಸ್ಸಿನಲ್ಲಿ ಕೆಟ್ಟ ಯೋಚನೆಯಿದ್ದರೆ ಅದು ಅಲ್ಲಿಯೇ ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ಒಳ್ಳೆಯ ಚಾಲಕ ಇದನ್ನು ಅವಮಾನವೆಂದು ತಿಳಿಯುವುದಿಲ್ಲ. ನಗುತ್ತ ತನ್ನ ಹೆಸರನ್ನೂ ಸೇರಿಸಿ ಬರೆಯಲು ಹೇಳುತ್ತಾನೆ.

ಎರಡು ದೇಶಗಳ ಪ್ರತಿಕ್ರಿಯೆ

ಟರ್ಕಿಯಲ್ಲಿ ಈ ಸುದ್ದಿ ಎಬ್ಬಿಸಿದ ಸಂಕಟ ಸಾಮಾನ್ಯವಾದದ್ದಲ್ಲ. ಅತಿಥಿಯನ್ನು ದೇವರು ಕಳಿಸಿದವರೆಂದು ಭಾವಿಸುವ ಸಮಾಜ ಅದು. ದೊಡ್ಡ ಪತ್ರಿಕೆಯಾದ ಹುರಿಯೆತ್ ‘ನಾಚಿಕೆಯಾಗುತ್ತಿದೆ’ ಎಂಬ ಅರ್ಥದ ತಲೆಬರಹ ಕೊಟ್ಟಿತು. ಅಧ್ಯಕ್ಷ ಅಬ್ದುಲ್ಲಾ ಗುಲ್ ಇಟಲಿಯ ಅಧ್ಯಕ್ಷ ಜಾರ್ಜೊ ನಪೊಲಿಟಾನೊ ಅವರಿಗೆ ದೂರವಾಣಿ ಮಾಡಿ ಸಂತಾಪ ಹೇಳಿದರು. ಇಸ್ತಾಂಬುಲಿನಲ್ಲಿ ಹೆಂಗಸರು ಬೀದಿಗಿಳಿದರು. ಅವರ ಮಾತು ಪತ್ರಿಕೆಯ ಮಾತಿಗಿಂತ ಒಂದು ಹೆಜ್ಜೆ ಮುಂದಿತ್ತು: ವಿದೇಶಿ ಅತಿಥಿಗೆ ಹೀಗಾಯಿತೆಂದು ಮಾತ್ರ ನಾಚಿದರೆ ಸಾಲದು, ಈ ನೆಲದ ಹೆಂಗಸರಿಗೆ ದಿನವೂ ಆಗುತ್ತಿರುವುದು ಇದೇ ಎಂಬುದು ಅವರ ವಾದದ ಸಾರ.

ಈ ವ್ಯತ್ಯಾಸ ನನಗೆ ಮುಖ್ಯವೆನ್ನಿಸುತ್ತದೆ. ದೇಶದ ಮಾನ ಹೋಯಿತೆಂಬ ದುಃಖದಲ್ಲಿ ಸತ್ತವರು ಹಿಂದಕ್ಕೆ ಸರಿದುಬಿಡುತ್ತಾರೆ. ನಮ್ಮಲ್ಲಿಯೂ 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿಯಾಗಿ, ಇಸ್ರೇಲಿನ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆ ಇಬ್ಬರೂ ಅತ್ಯಾಚಾರಕ್ಕೊಳಗಾಗಿ, ನೀರಿಗೆ ದೂಡಲ್ಪಟ್ಟ ಒಡಿಶಾದ ಯುವಕ ಪ್ರಾಣ ಕಳೆದುಕೊಂಡಾಗ, ಹಂಪಿಯ ಪ್ರವಾಸೋದ್ಯಮದ ಗತಿಯೇನು ಎಂಬ ಚಿಂತೆಯೂ, ಅಷ್ಟು ಹೊತ್ತಿನಲ್ಲಿ ಅಲ್ಲೇಕೆ ಹೋಗಿದ್ದರು ಎಂಬ ಪ್ರಶ್ನೆಯೂ ಎದ್ದಿದ್ದವು. ಗೆಬ್ಜೆಯ ನಂತರ ಇಟಲಿಯಲ್ಲಿಯೂ ಟರ್ಕಿಯಲ್ಲಿಯೂ ಎದ್ದದ್ದು ಇವೇ ಪ್ರಶ್ನೆಗಳು. ಮಿಲಾನಿನ ಆ ಕುಟುಂಬ ಮಾತ್ರ ಇಡೀ ಟರ್ಕಿಯನ್ನು ದೂಷಿಸುವ ಹಾದಿ ಹಿಡಿಯಲಿಲ್ಲ.

ಎರಡು ವರ್ಷಗಳ ನಂತರ, 2010ರಲ್ಲಿ, ಟರ್ಕಿಯ ಸಾಕ್ಷ್ಯಚಿತ್ರ ನಿರ್ದೇಶಕಿ ಬಿಂಗೊಲ್ ಎಲ್ಮಾಸ್ ಕಪ್ಪು ಬಣ್ಣದ ವಧುವಿನ ಉಡುಪು ತೊಟ್ಟು, ಪಿಪ್ಪಾ ಅವರ ಪ್ರಯಾಣ ನಿಂತುಹೋದ ಕಡೆಯಿಂದ ಹೊರಟು, ಲಿಫ್ಟ್ ಕೇಳುತ್ತಲೇ ಸಿರಿಯಾ ಗಡಿಯ ಕಡೆಗೆ ಪ್ರಯಾಣ ಬೆಳೆಸಿದರು. ತನ್ನದೇ ದೇಶದ, ತನ್ನದೇ ಭಾಷೆಯ ಚಾಲಕರ ಪಕ್ಕದಲ್ಲಿ ಕುಳಿತು ಅವರೊಂದಿಗೆ ಮಾತನಾಡಿದ ಆ ಪ್ರಯಾಣವನ್ನು ಈ ಪ್ರಕರಣಕ್ಕೆ ಬಂದ ಅತ್ಯಂತ ಅರ್ಥಪೂರ್ಣ ಉತ್ತರವೆಂದು ನಾನು ಭಾವಿಸುತ್ತೇನೆ. ಒಂದು ವರ್ಷ ಕಳೆಯುವಷ್ಟರಲ್ಲಿ, 2011ರ ಮಾರ್ಚಿನಲ್ಲಿ, ಸಿರಿಯಾದಲ್ಲಿ ದಂಗೆಯೆದ್ದು ಅದು ಅಂತರ್ಯುದ್ಧವಾಯಿತು. ಇಬ್ಬರು ವಧುಗಳು ಹಾಕಿಕೊಂಡಿದ್ದ ದಾರಿಯ ಮುಂದಿನ ಭಾಗದಲ್ಲಿ ಪ್ರವಾಸಿಗಳು ಓಡಾಡುವುದೇ ವರ್ಷಗಟ್ಟಲೆ ನಿಂತುಹೋಯಿತು.

ನಿಯಮದ ಪರಿಶೀಲನೆ

ಈಗ ಆ ನಿಯಮದ ಕಡೆಗೆ ಬರೋಣ. ಅದಕ್ಕೆ ಮೊದಲು ಹೇಳಲೇಬೇಕಾದದ್ದು: ಕೊಲೆಯ ಹೊಣೆ ಪೂರ್ತಿಯಾಗಿ ಕೊಂದವನದು. ಯೋಜನೆಯ ಲೋಪವನ್ನು ಗುರುತಿಸುವುದರಿಂದ ಆ ಹೊಣೆಯಲ್ಲಿ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಸೇತುವೆ ಕುಸಿದಾಗ ಅದರ ವಿನ್ಯಾಸವನ್ನು ಮತ್ತೆ ಲೆಕ್ಕ ಹಾಕುವ ಎಂಜಿನಿಯರನ ಮನಸ್ಸಿನಿಂದಲೇ ಇದನ್ನು ನೋಡಬೇಕು.

ಲಿಫ್ಟ್ ಕೇಳುವವರ ಕೈಯಲ್ಲಿ ಆಯುಧವಿಲ್ಲ, ವಾಹನದ ಮೇಲೆ ಹಿಡಿತವಿಲ್ಲ, ಪರದೇಶವಾದರೆ ಭಾಷೆಯೂ ಇಲ್ಲ. ಅವರ ಕೈಯಲ್ಲಿರುವ ಒಂದೇ ಅಧಿಕಾರವೆಂದರೆ ಬೇಡ ಎನ್ನುವುದು. ವಾಹನ ನಿಂತಾಗ ಚಾಲಕನ ಕಿಟಕಿಯ ಬಳಿ ಹೋಗಿ, ನಾನು ಇಂಥ ಊರಿಗೆ ಎಂದು ಮೊದಲು ತಾನೇ ಹೇಳದೆ, ನೀವು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುವುದು ಅನುಭವಿಗಳ ಕ್ರಮ. ಆತನ ಉತ್ತರ, ಉತ್ತರ ಕೊಡಲು ತೆಗೆದುಕೊಂಡ ಸಮಯ, ಒಳಗೆ ಇನ್ನಾರಿದ್ದಾರೆ, ಉಸಿರಿನಲ್ಲಿ ಮದ್ಯದ ವಾಸನೆಯಿದೆಯೇ, ಹಿಂದಿನ ಬಾಗಿಲಿಗೆ ಒಳಗಿನಿಂದ ತೆಗೆಯುವ ಹಿಡಿಕೆಯಿದೆಯೇ ಇವನ್ನೆಲ್ಲ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಸರಿಕಾಣದಿದ್ದರೆ, ನಾನು ಹೋಗಬೇಕಾದದ್ದು ಬೇರೆ ಕಡೆ ಎಂದು ಹೇಳಿ ಹಿಂದೆ ಸರಿಯುವುದಕ್ಕೆ ಯಾವ ಕಾರಣವನ್ನೂ ಕೊಡಬೇಕಿಲ್ಲ. ಈ ಅರ್ಧ ನಿಮಿಷದಲ್ಲಿ ತಪ್ಪು ನಿರ್ಣಯವಾಗಬಹುದು. ಒಳ್ಳೆಯವನನ್ನು ಬಿಟ್ಟು ಕೆಟ್ಟವನ ವಾಹನ ಹತ್ತಬಹುದು. ಅಂದು ಪಿಪ್ಪಾ ಅವರಿಗೆ ನಿರಾಕರಿಸುವ ಸ್ವಾತಂತ್ರ್ಯವಿದ್ದಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೂ ಆ ಅರ್ಧ ನಿಮಿಷವನ್ನೇ ತೆಗೆದುಹಾಕಿದರೆ, ಪ್ರಯಾಣದ ಅತ್ಯಂತ ಮುಖ್ಯ ನಿರ್ಧಾರ ಸಂಪೂರ್ಣವಾಗಿ ಎದುರಿನವನ ಕೈಗೆ ಹೋಗುತ್ತದೆ. ಯಾರ ವಾಹನದಲ್ಲಿ ಪಿಪ್ಪಾ ಕೂರಬೇಕು ಎಂಬುದನ್ನು ತೀರ್ಮಾನಿಸುವವನು ಬ್ರೇಕ್ ಒತ್ತುವವನಾದ.

ಈ ನಿಯಮವನ್ನು ಸಡಿಲಿಸಿದ್ದರೆ ಕೃತಿಯ ಅರ್ಥವೇ ಹೋಗುತ್ತಿತ್ತು, ಆರಿಸಿ ನಂಬುವುದು ನಂಬಿಕೆಯೇ ಅಲ್ಲ ಎಂಬ ವಾದವಿದೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ; ಪಿಪ್ಪಾ ಅದನ್ನು ಪೂರ್ಣ ಮನಸ್ಸಿನಿಂದ ನಂಬಿದ್ದರು, ಮತ್ತು ಮೂರು ವಾರಗಳ ಕಾಲ ಹಲವು ದೇಶಗಳ ಚಾಲಕರು ಆ ನಂಬಿಕೆಯನ್ನು ಉಳಿಸಿಕೊಟ್ಟಿದ್ದರು. ಆದರೂ ಒಪ್ಪಲಾರೆ. ಒಂದು ವಾಹನ ಬೇಡವೆಂದು ಬಿಟ್ಟು ಮುಂದಿನದನ್ನು ಹತ್ತುವವಳು ಕೂಡ ಅಪರಿಚಿತನನ್ನೇ ನಂಬಿ ಹತ್ತುತ್ತಾಳೆ. ಸಂಘರ್ಷದ ನಾಡಿನ ಜನ ಬದುಕುವುದು ಹೀಗೆಯೇ. ಬೋಸ್ನಿಯಾದ ರಾಜಧಾನಿ ಸಾರಾಯೆವೊ ಮುತ್ತಿಗೆಯಲ್ಲಿದ್ದ ವರ್ಷಗಳಲ್ಲಿ ಅಲ್ಲಿಯವರು ಪ್ರತಿದಿನವೂ ಯಾವ ಬೀದಿಯನ್ನು ದಾಟಬೇಕು, ಯಾವುದನ್ನು ದಾಟಬಾರದು ಎಂದು ಆರಿಸಿಕೊಂಡೇ ನೀರಿಗೆ ಹೋಗುತ್ತಿದ್ದರು. ಅವರು ಮನುಷ್ಯರ ಮೇಲಿನ ಭರವಸೆ ಕಳೆದುಕೊಂಡಿದ್ದರು ಎಂದು ಯಾರೂ ಹೇಳುವುದಿಲ್ಲ.

ಇದೇ ಯೋಜನೆಯೊಳಗೆ ಇದಕ್ಕಿಂತ ಭಿನ್ನವಾದ ನಂಬಿಕೆಯ ಮಾದರಿಯೊಂದು ಇತ್ತು. ಅದು ಸೂಲಗಿತ್ತಿಯರ ಭೇಟಿ. ಅಲ್ಲಿ ಪಿಪ್ಪಾ ಯಾರ ಮನೆಗೆ, ಯಾವ ಕೆಲಸದವರ ಬಳಿಗೆ ಹೋಗುತ್ತಿದ್ದೇನೆಂದು ತಿಳಿದು ಹೋಗುತ್ತಿದ್ದರು. ಎದುರಿನ ಹೆಂಗಸು ಈ ವಿದೇಶಿ ವಧು ಯಾರೆಂದು ವಿಚಾರಿಸಿ, ಕೂರಿಸಿ, ಮಾತನಾಡಿ, ಒಪ್ಪಿದ ಮೇಲೆ ಪಾದ ನೀಡುತ್ತಿದ್ದಳು. ಬೇಡವೆನ್ನುವ ಅವಕಾಶ ಇಬ್ಬರಿಗೂ ಇತ್ತು. ಯುದ್ಧ ಕಂಡ ಊರುಗಳಲ್ಲಿ ಅಪರಿಚಿತರಿಬ್ಬರ ನಡುವೆ ನಿಜವಾದ ಮಾತು ನಡೆದದ್ದು ಆ ಭೇಟಿಗಳಲ್ಲಿ, ಮತ್ತು ಅವುಗಳಿಗಾಗಿ ಆ ಊರುಗಳನ್ನು ತಲುಪಲು ನಿಂತ ಪ್ರತಿಯೊಂದು ವಾಹನವನ್ನೂ ಹತ್ತಲೇಬೇಕೆಂಬ ನಿಯಮದ ಅಗತ್ಯವಿರಲಿಲ್ಲ.